ನೊಂದ ಹೆಣ್ಣಿನ ಚಿತ್ರವೂ ವಿಮರ್ಶಕನ ತೀರ್ಪೂ

೧

ದುಃಖಕ್ಕೆ ಈಡಾದ ಸ್ತ್ರೀಯರಿಗೆ ನಮ್ಮ ಪ್ರಾಚೀನ ಕವಿಗಳು ಮಾತಿನ ಬಡತನವನ್ನು ತಂದವರಲ್ಲ. ಸಭೆಗೆ ಎಳೆತರಲ್ಪಟ್ಟ ದ್ರೌಪದಿಯು ಧರ್ಮಸೂಕ್ಷ್ಮವನ್ನೇ ಎತ್ತಿ ಹಿರಿಯರ ಬಾಯಿ ಕಟ್ಟುತ್ತಾಳೆ. ದುಷ್ಯಂತನ ಆಸ್ಥಾನದಲ್ಲಿ ನಿಂತ ಶಕುಂತಲೆಯು ಮೊದಲು ತಡವರಿಸಿದರೂ ಕೊನೆಗೆ ಅರಸನನ್ನು ನಿಷ್ಠುರವಾಗಿ ನುಡಿದೇ ತೀರುತ್ತಾಳೆ. ಆ ಮಾತುಗಳ ಮೂಲಕ ನಾವು ಅವರ ನೋವನ್ನು ಅರಿಯುತ್ತೇವೆ. ಅವರ ಪರವಾಗಿ ನಿಲ್ಲುತ್ತೇವೆ. ಕರುಣರಸವನ್ನು ಪಾಠ ಹೇಳುವಾಗ ನಾವು ಆರಿಸಿಕೊಳ್ಳುವ ಉದಾಹರಣೆಗಳೆಲ್ಲ ಬಹುಮಟ್ಟಿಗೆ ಇಂಥವೇ.

ಆದರೆ ಮಾತೇ ಬಾರದ ಹೆಣ್ಣು, ಇಲ್ಲವೆ ಮಾತು ಹದ ತಪ್ಪಿ ಹರಿಯುವ ಹೆಣ್ಣು ಕಥಾನಾಯಿಕೆಯಾಗಿ ಬಂದರೆ ವಿಮರ್ಶಕನು ಏನು ಮಾಡಬೇಕು? ಅವನು ಆಕೆಯ ಸಾಕ್ಷಿಯಾಗಬೇಕೇ, ನ್ಯಾಯಾಧೀಶನಾಗಬೇಕೇ? ಈ ಪ್ರಶ್ನೆ ಹೊಸದೇನೂ ಅಲ್ಲ. ೧೨೦೯ರಲ್ಲಿ ಜನ್ನನು ‘ಯಶೋಧರಚರಿತೆ’ಯನ್ನು ಮುಗಿಸಿದಂದಿನಿಂದ ಅಮೃತಮತಿಯ ವಿಷಯದಲ್ಲಿ ಓದುಗರು ತೀರ್ಪು ಕೊಡುತ್ತಲೇ ಬಂದಿದ್ದಾರೆ. ಅರಸಿ ಮಾವುತನನ್ನು ಏಕೆ ಒಲಿದಳು ಎಂಬುದಕ್ಕೆ ಕಾವ್ಯದಲ್ಲಿ ಇರುವ ಉತ್ತರಕ್ಕಿಂತ ಓದಿದವರ ಮನಸ್ಸಿನಲ್ಲಿರುವ ಉತ್ತರವೇ ಅನೇಕ ವೇಳೆ ದೊಡ್ಡದಾಗಿ ಕೇಳಿಸುತ್ತದೆ.

ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಇದೇ ಪ್ರಶ್ನೆಯ ಒಂದು ಆಧುನಿಕ ರೂಪವನ್ನು. ೧೯೭೦ರ ಸುಮಾರಿಗೆ ಅಮೇರಿಕಾದಲ್ಲಿ ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಸ್ವಂತ ಹಣದಿಂದಲೋ ಸ್ನೇಹಿತರ ನೆರವಿನಿಂದಲೋ ತಯಾರಾದ ಚಲಚ್ಚಿತ್ರಗಳಲ್ಲಿ ಎರಡು, ನೊಂದ ಹೆಣ್ಣನ್ನು ನಡುವೆ ನಿಲ್ಲಿಸಿದವು. ಒಂದು ಬಾರ್ಬರಾ ಲೋಡೆನ್ ಅವರ ‘ವಾಂಡಾ’. ಇನ್ನೊಂದು ಜಾನ್ ಕ್ಯಾಸವೆಟೀಸ್ ಅವರ ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’. ಇವನ್ನು ಅಂದಿನ ವಿಮರ್ಶಕರು ಹೇಗೆ ಬರಮಾಡಿಕೊಂಡರು, ಮುಂದಿನವರು ಹೇಗೆ ಕಂಡರು ಎಂಬುದನ್ನು ಪರಿಶೀಲಿಸಿದರೆ ಚಿತ್ರಗಳ ಗುಣದೋಷದಷ್ಟೇ ವಿಮರ್ಶೆಯ ಗುಣದೋಷವೂ ತಿಳಿದುಬರುತ್ತದೆ.

೨

ಬಾರ್ಬರಾ ಲೋಡೆನ್ ೧೯೩೨ರಲ್ಲಿ ಉತ್ತರ ಕೆರೊಲಿನಾದ ಬಡತನದಲ್ಲಿ ಹುಟ್ಟಿದವರು. ರಂಗಭೂಮಿಯಲ್ಲಿ ಹೆಸರು ಪಡೆದು, ಆರ್ಥರ್ ಮಿಲ್ಲರನ ‘ಆಫ್ಟರ್ ದಿ ಫಾಲ್’ ನಾಟಕದ ಅಭಿನಯಕ್ಕಾಗಿ ೧೯೬೪ರಲ್ಲಿ ಟೋನಿ ಪ್ರಶಸ್ತಿ ಗಳಿಸಿದರು. ಪ್ರಖ್ಯಾತ ನಿರ್ದೇಶಕ ಇಲಿಯಾ ಕಜಾನರ ಪತ್ನಿ. ಒಮ್ಮೆ ವೃತ್ತಪತ್ರಿಕೆಯಲ್ಲಿ ಅವರ ಕಣ್ಣಿಗೆ ಒಂದು ಸುದ್ದಿ ಬಿತ್ತು: ಬ್ಯಾಂಕಿನ ದರೋಡೆಯಲ್ಲಿ ಪಾಲುಗೊಂಡ ಹೆಂಗಸೊಬ್ಬಳು, ಇಪ್ಪತ್ತು ವರ್ಷದ ಶಿಕ್ಷೆ ವಿಧಿಸಿದ ನ್ಯಾಯಾಧೀಶರಿಗೆ ಕೃತಜ್ಞತೆ ಹೇಳಿದಳಂತೆ. ಸೆರೆಮನೆಗೆ ಹೋಗುವುದೇ ಬಿಡುಗಡೆಯೆಂದು ತೋರಬೇಕಾದರೆ ಆಕೆಯ ಹೊರಗಣ ಬಾಳು ಎಂಥದಿದ್ದೀತು? ಈ ವಿಚಾರ ಬೆಳೆದು ‘ವಾಂಡಾ’ ಆಯಿತು. ಬರೆದವರೂ ನಿರ್ದೇಶಿಸಿದವರೂ ನಾಯಿಕೆಯಾಗಿ ಅಭಿನಯಿಸಿದವರೂ ಲೋಡೆನ್ ಅವರೇ. ಬೆರಳೆಣಿಕೆಯ ಜನರೊಡನೆ, ೧೬ ಮಿಲಿಮೀಟರ್ ಫಿಲ್ಮಿನಲ್ಲಿ, ಸುಮಾರು ೧,೧೫,೦೦೦ ಡಾಲರು ವೆಚ್ಚದಲ್ಲಿ ಚಿತ್ರ ಮುಗಿಯಿತು. ಛಾಯಾಗ್ರಹಣವನ್ನೂ ಸಂಕಲನವನ್ನೂ ನಿಕೋಲಸ್ ಪ್ರೊಫೆರೀಸ್ ನೋಡಿಕೊಂಡರು.

ಕಥೆ ನಡೆಯುವುದು ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಸೀಮೆಯಲ್ಲಿ. ವಿವಾಹವಿಚ್ಛೇದನದ ವಿಚಾರಣೆಗೆ ವಾಂಡಾ ತಡವಾಗಿ, ತಲೆಗೆ ಸುತ್ತಿದ ಕರ್ಲರುಗಳನ್ನೂ ತೆಗೆಯದೆ ಬರುತ್ತಾಳೆ. ಇವಳು ಮನೆ ನೋಡುವುದಿಲ್ಲ, ಮಕ್ಕಳನ್ನು ನೋಡುವುದಿಲ್ಲವೆಂದು ಗಂಡ ದೂರುತ್ತಾನೆ. ಮಕ್ಕಳು ಅವನ ಬಳಿ ಇರುವುದೇ ಒಳ್ಳೆಯದು ಎಂದು ಆಕೆ ಮೆಲ್ಲನೆ ಒಪ್ಪಿಕೊಂಡುಬಿಡುತ್ತಾಳೆ. ವಾದವಿಲ್ಲ, ಕಣ್ಣೀರಿಲ್ಲ. ಹೊಲಿಗೆಯ ಕಾರ್ಖಾನೆಯಲ್ಲಿ ‘ನಿನ್ನ ಕೈ ನಿಧಾನ’ ಎಂದು ಕೆಲಸ ಕೊಡುವುದಿಲ್ಲ. ಸಿನೆಮಾ ಮಂದಿರದಲ್ಲಿ ನಿದ್ದೆ ಹೋದಾಗ ಇದ್ದ ಹಣವೂ ಹೋಗುತ್ತದೆ. ರಾತ್ರಿ ಒಂದು ಮದ್ಯದಂಗಡಿಗೆ ಹೋದರೆ ಅಲ್ಲಿ ಡೆನಿಸ್ ಎಂಬುವನು ದರೋಡೆ ಮಾಡುತ್ತಿದ್ದಾನೆ. ಅದೂ ತಿಳಿಯದೆ ಅವನ ಹಿಂದೆ ಹೊರಟುಬಿಡುತ್ತಾಳೆ. ಅವನು ಗದರುತ್ತಾನೆ, ಹೊಡೆಯುತ್ತಾನೆ, ಏನು ಉಡಬೇಕೆಂದು ಆಜ್ಞಾಪಿಸುತ್ತಾನೆ. ಬ್ಯಾಂಕಿನ ಮ್ಯಾನೇಜರನ ಮನೆಯಲ್ಲಿ ಇಕ್ಕಟ್ಟು ಬಂದಾಗ ಆಕೆ ನೆರವಾಗುತ್ತಾಳೆ. ಆಗ ಅವನ ಬಾಯಿಂದ ಒಂದು ಮೆಚ್ಚುಗೆಯ ಮಾತು ಬರುತ್ತದೆ. ಆ ಒಂದು ಮಾತಿಗೆ ಅವಳ ಮುಖದಲ್ಲಿ ಮೂಡುವ ಬೆಳಕನ್ನು ನೋಡಿದವರು, ಇಡೀ ಚಿತ್ರದ ಹಸಿವು ಯಾವುದೆಂದು ತಿಳಿಯಬಲ್ಲರು. ದರೋಡೆಯಲ್ಲಿ ಡೆನಿಸ್ ಸಾಯುತ್ತಾನೆ. ವಾಂಡಾ ದಾರಿಯಲ್ಲಿ ಹಿಂದುಳಿದು ಹೊತ್ತು ಮೀರಿ ಬರುತ್ತಾಳೆ. ಕೊನೆಗೆ ಅಪರಿಚಿತರ ಗದ್ದಲದ ನಡುವೆ ತಲೆ ತಗ್ಗಿಸಿ ಕುಳಿತ ಆಕೆಯ ಮುಖದ ಮೇಲೆ ಚಿತ್ರ ಹಾಗೆಯೇ ನಿಂತುಹೋಗುತ್ತದೆ.

೩

೧೯೭೦ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಇದಕ್ಕೆ ಅತ್ಯುತ್ತಮ ವಿದೇಶೀ ಚಿತ್ರವೆಂಬ ವಿಮರ್ಶಕರ ಪ್ರಶಸ್ತಿ ದೊರೆಯಿತು. ೧೯೭೧ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡಾಗ ‘ನ್ಯೂಯಾರ್ಕ್ ಟೈಮ್ಸ್’ನ ವಿನ್ಸೆಂಟ್ ಕ್ಯಾನ್‌ಬಿ ಮನಸಾರೆ ಹೊಗಳಿದರು. ಆದರೆ ಅಂದಿನ ಅತ್ಯಂತ ಪ್ರಭಾವಶಾಲಿ ವಿಮರ್ಶಕಿ, ‘ನ್ಯೂಯಾರ್ಕರ್’ ಪತ್ರಿಕೆಯ ಪಾಲೀನ್ ಕೇಲ್, ನಾಯಿಕೆಯೇ ಇಷ್ಟು ಅಜ್ಞಳೂ ದೀನಳೂ ಆಗಿರುವಾಗ ಅವಳಿಗಾಗಲಿ ಚಿತ್ರಕ್ಕಾಗಲಿ ಇಳಿಜಾರಲ್ಲದೆ ಬೇರೆ ದಾರಿಯಿಲ್ಲವೆಂಬ ಅಭಿಪ್ರಾಯ ಕೊಟ್ಟರು. ಸ್ತ್ರೀ ವಿಮೋಚನೆಯ ಚಳವಳಿ ಆಗ ಅಮೇರಿಕಾದಲ್ಲಿ ಬಿರುಸಾಗಿತ್ತು. ಆ ಪಕ್ಷದವರಲ್ಲಿಯೂ ಹಲವರಿಗೆ ಚಿತ್ರ ಹಿಡಿಸಲಿಲ್ಲ. ಹೆಣ್ಣು ಎಚ್ಚತ್ತು ನಿಲ್ಲಬೇಕಾದ ಕಾಲದಲ್ಲಿ ಇಂಥ ಜಡ ಹೆಣ್ಣನ್ನು ತೋರಿಸಿ ಏನು ಪ್ರಯೋಜನ ಎಂಬುದು ಅವರ ಆಕ್ಷೇಪ. ಲೋಡೆನ್ ಅವರಾದರೋ ತಾವೂ ಹಿಂದೆ ಹೀಗೆಯೇ, ಸ್ವಂತದ್ದೆಂಬುದೇ ಇಲ್ಲದೆ ಬಾಳಿದವರೆಂದು ಸಂದರ್ಶನಗಳಲ್ಲಿ ಹೇಳಿಕೊಂಡರು.

ಚಿತ್ರ ಕೆಲವೇ ಥಿಯೇಟರುಗಳಲ್ಲಿ ನಡೆದು ಮರೆಗೆ ಸಂದಿತು. ಮತ್ತೊಂದು ಕಥಾಚಿತ್ರವನ್ನು ನಿರ್ದೇಶಿಸುವ ಯೋಗ ಲೋಡೆನ್ ಅವರಿಗೆ ಬರಲಿಲ್ಲ. ೧೯೮೦ರ ಸೆಪ್ಟೆಂಬರಿನಲ್ಲಿ, ೪೮ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಚಿತ್ರಕ್ಕೆ ಎರಡನೆಯ ಬಾಳು ದೊರೆತುದು ಬಹುಮಟ್ಟಿಗೆ ಫ್ರಾನ್ಸಿನಿಂದ. ಲೇಖಕಿ ಮಾರ್ಗರೀತ್ ದ್ಯುರಾಸ್ ಅದನ್ನು ಎತ್ತಿ ಹಿಡಿದರು. ಮುಂದೆ ನಟಿ ಇಸಾಬೆಲ್ ಯುಪೇರ್ ಅಲ್ಲಿ ಮರುಬಿಡುಗಡೆಗೆ ನೆರವಾದರು. ೨೦೧೨ರಲ್ಲಿ ನತಾಲಿ ಲೆಜೆ ಲೋಡೆನ್ ಅವರ ಬದುಕನ್ನು ಕುರಿತು ಪುಸ್ತಕವನ್ನೇ ಬರೆದರು. ಮುಚ್ಚಿಹೋಗುತ್ತಿದ್ದ ಒಂದು ಲ್ಯಾಬೊರೇಟರಿಯಿಂದ ಮೂಲ ಫಿಲ್ಮ್ ಸುರುಳಿಗಳನ್ನು ಉಳಿಸಿಕೊಂಡ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಚಿತ್ರಭಂಡಾರದವರು ೨೦೧೦ರಲ್ಲಿ ಚಿತ್ರದ ಜೀರ್ಣೋದ್ಧಾರ ಮಾಡಿದರು. ೨೦೧೭ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಾಷ್ಟ್ರೀಯ ಚಲಚ್ಚಿತ್ರಗಳ ಪಟ್ಟಿಗೆ ಸೇರಿಸಿತು. ೨೦೨೨ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯವರು ೧,೬೦೦ಕ್ಕೂ ಹೆಚ್ಚು ವಿಮರ್ಶಕರ ಮತ ಸಂಗ್ರಹಿಸಿದಾಗ ‘ವಾಂಡಾ’ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ೪೮ನೆಯ ಸ್ಥಾನವನ್ನು ಮತ್ತೊಂದು ಚಿತ್ರದೊಡನೆ ಹಂಚಿಕೊಂಡಿತು. ಆ ಸುರುಳಿಗಳು ಕಸದ ಪಾಲಾಗಿದ್ದರೆ ಇಷ್ಟು ಮಂದಿ ಮತ ಕೊಡುವುದಕ್ಕೆ ಚಿತ್ರವೇ ಸರಿಯಾಗಿ ಉಳಿಯುತ್ತಿರಲಿಲ್ಲ. ಮೊದಲ ತೀರ್ಪು ಕೊಡುವವರ ಹೊಣೆ ಎಷ್ಟು ಭಾರವಾದುದೆಂಬುದನ್ನು ವಾಚಕರು ಇದರಿಂದ ಊಹಿಸಬಹುದು.

೪

ಎರಡನೆಯ ಚಿತ್ರ ೧೯೭೪ರದು. ಕ್ಯಾಸವೆಟೀಸ್ ಇದನ್ನು ಮೊದಲು ತಮ್ಮ ಪತ್ನಿ ಜೀನಾ ರೋಲಂಡ್ಸ್ ಅವರಿಗಾಗಿ ನಾಟಕವಾಗಿ ಯೋಚಿಸಿದ್ದರು. ಪ್ರತಿರಾತ್ರಿಯೂ ಈ ಪಾತ್ರವನ್ನು ರಂಗದ ಮೇಲೆ ತಾಳಿಕೊಳ್ಳುವುದು ಅಸಾಧ್ಯವೆಂದು ಆಕೆ ಹೇಳಿದ್ದರಿಂದ ಅದು ಚಿತ್ರವಾಯಿತು. ಮನೆಯನ್ನು ಅಡವಿಟ್ಟರು, ನಾಯಕನಟ ಪೀಟರ್ ಫಾಕ್ ಐದು ಲಕ್ಷ ಡಾಲರು ತಂದು ಹಾಕಿದರು, ನಟನಟಿಯರಲ್ಲಿ ದಂಪತಿಗಳ ತಾಯಂದಿರೂ ಇದ್ದರು, ತಂತ್ರಜ್ಞರಲ್ಲಿ ಚಿತ್ರಶಾಲೆಯ ವಿದ್ಯಾರ್ಥಿಗಳೂ ಇದ್ದರು. ಹಂಚಿಕೆದಾರರು ಯಾರೂ ಮುಂದೆ ಬರಲಿಲ್ಲ. ನಿರ್ದೇಶಕರೇ ಥಿಯೇಟರಿನವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ, ಕಾಲೇಜುಗಳಿಗೆ ಹೊತ್ತುಕೊಂಡು ಹೋಗಿ ತೋರಿಸಿದರು.

ಮೇಬಲ್ ಮೂವರು ಮಕ್ಕಳ ತಾಯಿ. ಗಂಡ ನಿಕ್ ನೀರು ಸರಬರಾಜಿನ ಕೆಲಸಗಾರರ ಮೇಸ್ತ್ರಿ. ರಾತ್ರಿಯೆಲ್ಲ ದುಡಿದು ಬಂದ ಅವನ ಸಂಗಾತಿಗಳಿಗೆ ಆಕೆ ಬೆಳಗ್ಗೆ ಉಣಬಡಿಸುತ್ತಾಳೆ. ಅವರ ಸಂತೋಷಕ್ಕಾಗಿ ಎಷ್ಟು ಉತ್ಸಾಹಪಡುತ್ತಾಳೆಂದರೆ, ಒಬ್ಬನನ್ನು ಕುಣಿಯಲು ಕರೆದು ಕಾಡುವಷ್ಟಕ್ಕೆ ಹೋಗುತ್ತದೆ. ಗಂಡ ಎಲ್ಲರೆದುರು ಗದರಿಬಿಡುತ್ತಾನೆ. ಪ್ರೀತಿ ಅತಿಯಾಗಿದೆ, ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ಹವಣು ತಪ್ಪಿದೆ. ಅತ್ತೆಯ ಒತ್ತಾಯಕ್ಕೆ, ವೈದ್ಯನ ಮಾತಿಗೆ, ಗಂಡನ ಭಯಕ್ಕೆ ಸಿಕ್ಕಿ ಆರು ತಿಂಗಳು ಆಸ್ಪತ್ರೆ ಸೇರುತ್ತಾಳೆ. ಹಿಂದಿರುಗಿದ ದಿನ ಮನೆತುಂಬ ನೆಂಟರು. ಆಕೆ ಮಾತನ್ನು ಅಳೆದು ತೂಗಿ ಆಡುತ್ತಾಳೆ. ಗಂಡನೋ ‘ಮೊದಲಿನಂತೆ ಇರು’ ಎಂದು ಪೀಡಿಸುತ್ತಾನೆ. ಮೊದಲಿನಂತೆ ಇದ್ದುದಕ್ಕೇ ಅಲ್ಲವೇ ಅವಳನ್ನು ಕಳುಹಿಸಿದ್ದು?

ಶೀರ್ಷಿಕೆಯಲ್ಲಿಯೇ ಒಂದು ಧ್ವನಿಯಿದೆ. ಆ ನುಡಿಗಟ್ಟನ್ನು ಇಂಗ್ಲಿಷಿನಲ್ಲಿ ಸಾಧಾರಣವಾಗಿ ಕುಡಿದು ಮೈಮರೆತವರನ್ನು ಕುರಿತು ಬಳಸುತ್ತಾರೆ. ಇಲ್ಲಿ ಹೆಣ್ಣು ಯಾವುದರ ಪ್ರಭಾವಕ್ಕೆ ಸಿಕ್ಕಿದ್ದಾಳೆಂದು ಹೇಳಿಲ್ಲ. ಗಂಡನದೇ, ಅತ್ತೆಯದೇ, ತನ್ನ ಪ್ರೀತಿಯದೇ? ನೋಡುವವನೇ ಹುಡುಕಿಕೊಳ್ಳಬೇಕು.

ಇದಕ್ಕೆ ಬಂದ ಸ್ವಾಗತ ‘ವಾಂಡಾ’ಕ್ಕಿಂತ ದೊಡ್ಡದು. ರಾಜರ್ ಎಬರ್ಟ್ ಪೂರ್ಣ ನಾಲ್ಕು ನಕ್ಷತ್ರ ಕೊಟ್ಟರು. ಉತ್ತಮ ನಟಿ, ಉತ್ತಮ ನಿರ್ದೇಶಕ ಎಂಬ ಎರಡು ವಿಭಾಗಗಳಲ್ಲಿ ಆಸ್ಕರಿಗೆ ಹೆಸರು ಹೋಯಿತು. ೧೯೭೫ರಲ್ಲಿ ನಟಿಯ ಪ್ರಶಸ್ತಿ ಮಾತ್ರ ‘ಆಲಿಸ್ ಡಸಂಟ್ ಲಿವ್ ಹಿಯರ್ ಎನಿಮೋರ್’ ಚಿತ್ರದ ಎಲೆನ್ ಬರ್ಸ್ಟಿನ್ ಅವರಿಗೆ ಹೋಯಿತು. ಆ ಆಲಿಸಳೂ ನೊಂದವಳೇ, ಆದರೆ ವಿಧವೆಯಾದ ಮೇಲೆ ಮಗನನ್ನು ಕಟ್ಟಿಕೊಂಡು ಹೊಸ ಬಾಳು ಹುಡುಕುತ್ತ ಹೊರಡುತ್ತಾಳೆ, ಚುರುಕಾಗಿ ಮಾತಾಡುತ್ತಾಳೆ. ಅಂಥವಳನ್ನು ಮೆಚ್ಚುವುದು ಸುಲಭ. ರೋಲಂಡ್ಸ್ ಅವರಿಗೆ ಗೌರವ ಆಸ್ಕರ್ ಸಂದುದು ೨೦೧೫ರಲ್ಲಿ. ೨೦೨೪ರಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಮೊದಲು ನೆನೆದುದು ಮೇಬಲಳನ್ನೇ. ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ೧೯೯೦ರಲ್ಲಿಯೇ ಪಟ್ಟಿಗೆ ಸೇರಿಸಿತ್ತು. ಮಾತುಗಾತಿ ಮೇಬಲಳು ಸೇರಿದ ೨೭ ವರ್ಷಗಳ ಮೇಲೆ ಮೌನಿ ವಾಂಡಾ ಸೇರಿದಳು.

ಪಾಲೀನ್ ಕೇಲ್ ಈ ಚಿತ್ರವನ್ನೂ ಒಪ್ಪಲಿಲ್ಲ. ಮನೋವೈದ್ಯ ಆರ್. ಡಿ. ಲೈಂಗ್ ಅವರ ವಾದವೊಂದು ಆಗ ಬಹಳ ಪ್ರಚಾರದಲ್ಲಿತ್ತು: ಹುಚ್ಚೆಂಬುದು ಎಷ್ಟೋ ವೇಳೆ ಕುಟುಂಬವೂ ಸಮಾಜವೂ ಒಬ್ಬರ ಮೇಲೆ ಹೇರಿದ ಹೊರೆ ಎಂದು. ಚಿತ್ರವು ಆ ಸಿದ್ಧಾಂತಕ್ಕೆ ಬರೆದ ಉದಾಹರಣೆಯಂತಿದೆಯೆಂದೂ, ನಟಿಯ ಶಕ್ತಿ ದೊಡ್ಡದಾದರೂ ಅಭಿನಯ ಅತಿಯಾಗಿ ದಣಿಸುತ್ತದೆಯೆಂದೂ ಕೇಲ್ ಹೇಳಿದರು.

೫

ಒಬ್ಬರೇ ವಿಮರ್ಶಕರು ಒಂದು ಹೆಣ್ಣಿನಲ್ಲಿ ತೀರ ಕಡಮೆಯನ್ನೂ ಇನ್ನೊಂದು ಹೆಣ್ಣಿನಲ್ಲಿ ತೀರ ಹೆಚ್ಚನ್ನೂ ಕಂಡುದು ಗಮನಾರ್ಹ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿ ಪಾಠ ಹೇಳಿದ ನಮ್ಮಂಥವರ ಪರಿಭಾಷೆಯಲ್ಲಿ ಹೇಳುವುದಾದರೆ, ವಾಂಡಾಳಲ್ಲಿ ಅನುಭಾವ ಸಾಲದು, ಮೇಬಲಳಲ್ಲಿ ಅನುಭಾವ ಔಚಿತ್ಯ ಮೀರಿತು ಎಂದಂತೆ. ಆದರೆ ಔಚಿತ್ಯವನ್ನು ಅಳೆಯುವ ಕೋಲು ಯಾವುದು? ಪಾತ್ರದ ಒಳಗಿನ ನಿಯಮವೇ, ಪ್ರೇಕ್ಷಕನ ಸಹನೆಯೇ? ಎರಡು ಚಿತ್ರಗಳ ಗುರಿಯೂ ಈ ಎರಡು ಅಳತೆಗಳು ಬೇರೆಬೇರೆಯೆಂದು ತೋರಿಸುವುದೇ ಆಗಿದೆ. ನಮಗೆ ವಾಂಡಾಳನ್ನು ಕಂಡು ಬೇಸರವಾದರೆ, ಆ ಬೇಸರವೇ ಕಾರ್ಖಾನೆಯ ಮೇಲ್ವಿಚಾರಕನಿಗೂ ಆಗಿತ್ತು. ಮೇಬಲಳಿಂದ ಮುಜುಗರವಾದರೆ, ಅದೇ ಮುಜುಗರ ಊಟದ ಮೇಜಿನ ಸುತ್ತ ಕುಳಿತ ಕೆಲಸಗಾರರಿಗೂ ಆಗಿತ್ತು. ನೋಡುವವನ ಬೇಸರ ಮುಜುಗರಗಳು ಚಿತ್ರದ ದೋಷವೋ ಚಿತ್ರದ ವಸ್ತುವೋ ಎಂದು ವಿಚಾರಿಸದೆ ತೀರ್ಪಿಗೆ ಹೋಗುವುದು ಅವಸರ.

ಹಾಗೆಂದು ಕೇಲ್ ಅವರ ಮಾತನ್ನು ತಳ್ಳಿಹಾಕುವುದು ನ್ಯಾಯವಲ್ಲ. ಮೇಬಲಳನ್ನು ಆಸ್ಪತ್ರೆಗೆ ಕಳುಹಿಸುವ ದೃಶ್ಯದಲ್ಲಿ ಅತ್ತೆಯ ಆರ್ಭಟ ಒಂದು ಬಣ್ಣದಲ್ಲೇ ಬಳಿದಂತಿದೆ. ಅಲ್ಲಿ ಸಿದ್ಧಾಂತದ ನೆರಳು ಬಿದ್ದಿರುವುದು ನಿಜ. ಆದರೆ ಸಿದ್ಧಾಂತಕ್ಕಾಗಿ ಬರೆದವರು ನಿಕ್ಕನನ್ನು ಖಳನನ್ನಾಗಿ ಮಾಡಿ ಮುಗಿಸುತ್ತಿದ್ದರು. ಇಲ್ಲಿ ನಿಕ್ ಮಕ್ಕಳನ್ನು ಶಾಲೆಯಿಂದ ಎಬ್ಬಿಸಿಕೊಂಡು ಸಮುದ್ರತೀರಕ್ಕೆ ಒಯ್ಯುತ್ತಾನೆ, ಹಿಂದಿರುಗುವಾಗ ಅವರಿಗೆ ಬಿಯರ್ ಕುಡಿಸುತ್ತಾನೆ. ಹೆಂಡತಿಯಷ್ಟೇ ಅವನೂ ದಿಕ್ಕು ತಪ್ಪಿದವನು. ಅವನನ್ನು ಯಾವ ವೈದ್ಯನೂ ಪರೀಕ್ಷಿಸುವುದಿಲ್ಲ, ಅಷ್ಟೆ. ಕೊನೆಯಲ್ಲಿ ಗಂಡಹೆಂಡಿರು ಮಾತಿಲ್ಲದೆ ಮೇಜು ಒರೆಸಿ ಹಾಸಿಗೆ ಹಾಸಿಕೊಳ್ಳುತ್ತಾರೆ. ರೋಗ ವಾಸಿಯಾಯಿತೆಂದು ಚಿತ್ರ ಹೇಳುವುದಿಲ್ಲ. ಪ್ರೀತಿ ಇಲ್ಲವೆಂದೂ ಹೇಳುವುದಿಲ್ಲ. ಯಾವ ಸಿದ್ಧಾಂತಕ್ಕೂ ಇದು ಅನುಕೂಲವಾದ ಮುಕ್ತಾಯವಲ್ಲ.

ಹೊಗಳುವವರೂ ತಪ್ಪು ಮಾಡಬಲ್ಲರು. ‘ವಾಂಡಾ’ವನ್ನು ಈಚೆಗೆ ಮೆಚ್ಚಿದವರಲ್ಲಿ ಕೆಲವರು ಆಕೆಯ ಮೌನವನ್ನು ಪ್ರತಿಭಟನೆಯೆಂದೂ, ಮಕ್ಕಳನ್ನು ಬಿಟ್ಟುದನ್ನು ಬಿಡುಗಡೆಯೆಂದೂ ವರ್ಣಿಸುತ್ತಾರೆ. ಚಿತ್ರವನ್ನು ಮನಸ್ಸಿಟ್ಟು ನೋಡಿದವರಿಗೆ ಅಲ್ಲಿ ಪ್ರತಿಭಟನೆ ಕಾಣುವುದಿಲ್ಲ; ಸೋಲು ಕಾಣುತ್ತದೆ. ಹಿಂದಿನವರು ಅವಳು ವೀರಳಲ್ಲವೆಂದು ಬೈದರು, ಇಂದಿನವರು ವೀರಳನ್ನಾಗಿ ಮಾಡಿ ಹೊಗಳಿದರು. ಇಬ್ಬರಿಗೂ ಆಕೆ ಇದ್ದಂತೆಯೇ ಇರುವುದು ಸಾಲಲಿಲ್ಲ. ಲೋಡೆನ್ ಅವರ ಅಕಾಲಮರಣವನ್ನು ತಂದು ಚಿತ್ರಕ್ಕೆ ಕಿರೀಟವಿಡುವುದೂ ಹೀಗೆಯೇ. ಕರ್ತೃವಿನ ದುಃಖ ಕೃತಿಗೆ ಅಂಕ ಕೊಡಿಸಬಾರದು. ಆಕೆಯ ಚಿತ್ರಕ್ಕೆ ಆ ನೆರವು ಬೇಕಾಗಿಯೂ ಇಲ್ಲ.

೬

ಇವೆಲ್ಲ ದೂರದೇಶದ ಮಾತೆಂದು ನಮ್ಮ ಬಂಧುಗಳು ಭಾವಿಸಬೇಕಾಗಿಲ್ಲ. ಆಸ್ಪತ್ರೆಯಿಂದ ಹಿಂದಿರುಗಿದ ಹೆಣ್ಣಿನ ಕಥೆಯನ್ನು ಕನ್ನಡಿಗರು ಮೇಬಲಳಿಗಿಂತ ಮುಂಚೆಯೇ ಓದಿದ್ದರು. ತ್ರಿವೇಣಿಯವರು (೧೯೨೮–೧೯೬೩) ‘ಶರಪಂಜರ’ದಲ್ಲಿ ಬರೆದ ಕಾವೇರಿಯ ಪಾಡು ಅದೇ: ರೋಗ ವಾಸಿಯಾದರೂ ಹುಚ್ಚಿಯೆಂಬ ಹೆಸರು ವಾಸಿಯಾಗಲಿಲ್ಲ. ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿ ತೆಗೆದಾಗ ಕಲ್ಪನಾ ಅವರ ಅಭಿನಯಕ್ಕೆ ನಾಡೇ ಕಣ್ಣೀರಿಟ್ಟಿತು. ಅದು ಸ್ವತಂತ್ರ ಪಂಥದ ಚಿತ್ರವಲ್ಲ, ಜನಪ್ರಿಯ ಚಿತ್ರ. ಆದರೂ ಅತ್ತವರು ತಮ್ಮ ನೆರೆಮನೆಯ ಕಾವೇರಿಯನ್ನು ಹೇಗೆ ಕಂಡರೆಂಬ ಪ್ರಶ್ನೆ ಉಳಿದೇ ಇದೆ.

ಅಮೇರಿಕಾದ ಆ ಎರಡು ಚಿತ್ರಗಳ ಪಂಕ್ತಿಗೆ ನಿಜವಾಗಿ ಸೇರುವುದು ೧೯೭೭ರ ‘ಘಟಶ್ರಾದ್ಧ’. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ ಆ ಮೊದಲ ಕಥಾಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ವಿಧವೆ ಯಮುನೆ ಗರ್ಭಿಣಿಯಾಗುತ್ತಾಳೆ. ಅವಳು ಬದುಕಿರುವಾಗಲೇ ತಂದೆ ಅವಳಿಗೆ ಶ್ರಾದ್ಧ ಮಾಡಿ ಹೊರಗಟ್ಟುತ್ತಾನೆ. ಇದನ್ನೆಲ್ಲ ನಾಣಿಯೆಂಬ ಪುಟ್ಟ ಹುಡುಗನ ಕಣ್ಣಿನಿಂದ ನೋಡುತ್ತೇವೆ. ಚಿತ್ರವನ್ನು ಹೊಗಳುವಾಗ ಆಚಾರದ ಖಂಡನೆಯನ್ನೇ ಮುಂದಿಡುವ ರೂಢಿ ನಮ್ಮಲ್ಲಿದೆ, ಅದು ಸರಿಯೇ. ಆದರೆ ಯಮುನೆಯನ್ನು ಕೈಬಿಟ್ಟು ತಪ್ಪಿಸಿಕೊಂಡವನು ಮಠದವನಲ್ಲ, ಶಾಲೆಯ ಮಾಸ್ತರನೆಂಬುದನ್ನು ನಾವು ಅಧ್ಯಾಪಕರಾದರೂ ಮರೆಯಬಾರದು. ಹೊಸ ವಿದ್ಯೆಯೂ ಆಕೆಯ ನೆರವಿಗೆ ಬರಲಿಲ್ಲ. ಕೊನೆಯವರೆಗೆ ಅವಳ ಬಳಿ ನಿಲ್ಲಲು ಹವಣಿಸಿದವನು, ಯಾವ ತೀರ್ಪೂ ಕೊಡಲು ತಿಳಿಯದ ಆ ಬಾಲಕನೊಬ್ಬನೇ.

ಈ ಮೂರು ಚಿತ್ರಗಳಿಗೂ ಒಂದು ನಿಜವಾದ ನಂಟಿದೆ. ‘ವಾಂಡಾ’ ಮತ್ತು ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’ ಚಿತ್ರಗಳ ಜೀರ್ಣೋದ್ಧಾರಕ್ಕೆ ಹಣ ಒದಗಿಸಿದ ಸಂಸ್ಥೆಗಳಲ್ಲಿ, ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿಯವರು ೧೯೯೦ರಲ್ಲಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ ಒಂದು. ಅದೇ ಸಂಸ್ಥೆಯ ಯೋಜನೆಯೊಂದು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನೊಡನೆ ಸೇರಿ ‘ಘಟಶ್ರಾದ್ಧ’ವನ್ನು ಜೀರ್ಣೋದ್ಧಾರ ಮಾಡಿತು. ೨೦೨೪ರಲ್ಲಿ ಅದನ್ನು ವೆನಿಸ್ಸಿನ ಉತ್ಸವದಲ್ಲಿ ತೋರಿಸಿದರು. ವಾಂಡಾ ೧೯೭೦ರಲ್ಲಿ ಕಾಣಿಸಿಕೊಂಡ ಊರಿಗೆ ಐವತ್ತನಾಲ್ಕು ವರ್ಷಗಳ ಮೇಲೆ ನಮ್ಮ ಯಮುನೆಯೂ ಹೋಗಿಬಂದಳು.

ಗಡಿನಾಡಿನ ಅಧ್ಯಾಪಕರಾದ ನಮಗೆ ಇದರಲ್ಲಿ ಹೆಚ್ಚಿನ ಒಂದು ಪಾಠವಿದೆ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಒಂದು, ಕಛೇರಿಯಲ್ಲಿ ಮತ್ತೊಂದು ಎಂಬ ಸೀಮೆಯಲ್ಲಿ ನಾವು ಮಕ್ಕಳನ್ನು ಬೆಳೆಸುತ್ತೇವೆ. ಪ್ರಶ್ನೆ ಕೇಳುವವರ ಭಾಷೆಯಲ್ಲಿ ಉತ್ತರ ಹೊಳೆಯದೆ ನೆಲ ನೋಡುತ್ತ ನಿಂತ ಹುಡುಗಿಯನ್ನು ದಡ್ಡಿಯೆಂದು ಬರೆದುಕೊಂಡು ಹೋಗುವ ತನಿಖೆಯವರನ್ನು ನಮ್ಮಲ್ಲಿ ಕಾಣದವರು ಕಡಮೆ. ನ್ಯಾಯಾಲಯದಲ್ಲಿ ವಾಂಡಾ ನಿಂತ ಭಂಗಿ ನಮಗೆ ಅಪರಿಚಿತವಲ್ಲ. ಮಾತಿಲ್ಲದ ಕಡೆ ಅನುಭವವೂ ಇಲ್ಲವೆಂದು ತೀರ್ಮಾನಿಸುವುದು ಎಷ್ಟು ಸುಲಭವೋ ಅಷ್ಟೇ ಅನ್ಯಾಯವೆಂಬುದು ತರಗತಿಯಲ್ಲಿ ನಿಂತವರಿಗೆಲ್ಲ ಗೊತ್ತು.

ಆದಕಾರಣ ಹಿರಿಯ ತರಗತಿಯ ವಿದ್ಯಾರ್ಥಿಗಳಿಗೆ ‘ಘಟಶ್ರಾದ್ಧ’ವನ್ನು ತೋರಿಸುವಾಗಲಾಗಲಿ, ‘ಶರಪಂಜರ’ವನ್ನು ಓದಿಸುವಾಗಲಾಗಲಿ, ‘ಇವಳು ಮಾಡಿದ್ದು ಸರಿಯೇ ತಪ್ಪೇ’ ಎಂಬ ಪ್ರಶ್ನೆಯನ್ನು ಮೊದಲಿಗೇ ಕೇಳದಿರುವುದು ಲೇಸೆಂದು ನಮ್ಮ ಅಭಿಪ್ರಾಯ. ಅವಳು ಏನು ಮಾಡಿದಳು, ಆಗ ಎದುರಿಗಿದ್ದವರು ಏನು ಮಾಡಿದರು, ನೋಡುತ್ತ ನಿನಗೆ ಏನನ್ನಿಸಿತು ಎಂಬ ಮೂರು ಪ್ರಶ್ನೆಗಳಿಗೆ ಮಕ್ಕಳು ಕ್ರಮವಾಗಿ ಉತ್ತರ ಬರೆಯಲಿ. ನಾಲ್ಕನೆಯದಾಗಿ ತೀರ್ಪು ಬೇಕೇ ಬೇಕೆಂದರೆ ಕೇಳಬಹುದು. ಮೊದಲ ಮೂರನ್ನು ಮನಸ್ಸಿಟ್ಟು ಬರೆದವರು ನಾಲ್ಕನೆಯದಕ್ಕೆ ಬಂದಾಗ ಸ್ವಲ್ಪ ಹೊತ್ತು ಪೆನ್ನು ಕೆಳಗಿಡುತ್ತಾರೆ. ಅಷ್ಟಾದರೆ ಪಾಠ ಸಾರ್ಥಕವಾಯಿತೆಂದು ತಿಳಿಯಬಹುದು.